ಎರಡನೆಯ ಚುಕ್ಕೆ

"ಒಂದೇ ಚುಕ್ಕೆ." ಪ್ರೊಫೆಸರ್ ಯೊವಿನೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು. "ನಿನ್ನ ಜೀನ್ ಸತ್ತಿದೆ, ಲೊರೆದಾನಾ. ನಾಳೆಯಿಂದ ಬೇರೆ ಕೆಲಸ ಹಿಡಿ." ಅಷ್ಟು ಹೇಳಿ ಕಾಫಿಗೆ ಹೊರಟೇಬಿಟ್ಟರು. ಎರಡು ವರ್ಷದ ಕೆಲಸಕ್ಕೆ ಅರ್ಧ ನಿಮಿಷದ ತೀರ್ಪು.

ಕಪ್ಪೆಯ ಭ್ರೂಣದಲ್ಲಿ ಬೆನ್ನು ಮೂಡಬೇಕಾದ ಕಡೆಯ ಕೋಶಗಳೊಳಗೆ ಒಂದು ಸಂದೇಶ ಹರಿಯುತ್ತದೆ. ಅದು ಹರಿದ ಕಡೆ ಮಲಗಿದ್ದ ಜೀನುಗಳು ಏಳುತ್ತವೆ; ಬಣ್ಣ ಹಾಕಿದರೆ ಆ ಜಾಗ ನೇರಳೆಯಾಗುತ್ತದೆ. ತನ್ನ ಜೀನ್ ಅದೇ ಸಂದೇಶವನ್ನು ಹೊಸ ಕಡೆಯಲ್ಲೂ ಹುಟ್ಟಿಸುತ್ತದೆ ಎಂಬುದು ಲೊರೆದಾನಾಳ ವಾದ. ನಿಜವಾಗಿದ್ದರೆ ಚುಕ್ಕೆ ಎರಡಿರಬೇಕಿತ್ತು.

ಜೀನನ್ನು ಭ್ರೂಣಕ್ಕೆ ಚುಚ್ಚುವ ಸೂಜಿ ಹಿಡಿದಿದ್ದವನು ಜೊತೆಯ ಸಂಶೋಧಕ ಸಬೀನೋ. ಅವಳು ಅವನ ಕಡೆ ತಿರುಗಿದಳು.

"ಯಾವ ಕೋಶಕ್ಕೆ ಚುಚ್ಚಿದೆ?"

"ತಿಳಿ ಬಣ್ಣದ್ದಕ್ಕೆ. ಹೋದ ತಿಂಗಳೆಲ್ಲಾ ಅದಕ್ಕೇ ತಾನೆ ಚುಚ್ಚಿದ್ದು?"

"ಅದು ಸಂದೇಶ ನಿಲ್ಸೋಕೆ ಕಣೋ ಕತ್ತೆ, ಇದು ಹುಟ್ಸೋಕೆ. ತಿಳಿ ಬದಿ ಅಂದ್ರೆ ಬೆನ್ನಿನ ಕಡೆ. ಅಲ್ಲಿ ಸಂದೇಶ ಆಗ್ಲೇ ಕೂಗ್ತಾ ಇರುತ್ತೆ. ಇನ್ನೊಂದು ಗಂಟಲು ಸೇರಿದ್ರೆ ಯಾರಿಗೆ ಗೊತ್ತಾಗುತ್ತೆ?"

ಸಬೀನೋ ಮರುಕ್ಷಣ ತಟ್ಟೆಯತ್ತ ಹಾರಿದ. ಬೆಳಿಗ್ಗೆಯ ಮೊಟ್ಟೆಗಳು ಈಗಷ್ಟೇ ನಾಲ್ಕು ಕೋಶಗಳಾಗಿದ್ದವು. ಎಂಟಾದರೆ ಮುಗಿಯಿತು, ಚುಚ್ಚಿ ಫಲವಿಲ್ಲ.

"ಕಪ್ಪು ಬದಿ, ಸಬೀನೋ."

"ಗೊತ್ತು, ಬಾಯ್ಮುಚ್ಚು. ಗುರಿ ತಪ್ಪುತ್ತೆ."

"ಮುಂದಿಂದು. ಅದು ಬೇಡ, ಅದು ಎಂಟಾಗ್ತಿದೆ. ಪಕ್ಕದ್ದು, ಪಕ್ಕದ್ದು."

ಕಾಫಿ ಮುಗಿಸಿ ಬಂದ ಪ್ರೊಫೆಸರ್ ಬಾಗಿಲಲ್ಲೇ ನಿಂತರು. "ಸತ್ತಿದ್ದಕ್ಕೆ ಇಂಜೆಕ್ಷನ್ ಕೊಡ್ತಿದ್ದೀರಾ?"

"ಸತ್ತಿದೆಯೋ ಇಲ್ವೋ ಬಣ್ಣ ಹೇಳ್ಲಿ ಮೇಡಂ," ಎಂದಳು ಲೊರೆದಾನಾ, ತಲೆ ಎತ್ತದೆ.

"ಇದೇ ಕೊನೆ. ಆಮೇಲೆ ಅಳ್ತಾ ನನ್ನ ಹತ್ರ ಬರ್ಬೇಡ."

ಬಣ್ಣ ಹಾಕಿದ ದಿನ ಮೂವರೂ ಒಂದೇ ಮೇಜಿನ ಸುತ್ತ. ಪ್ರತಿ ಭ್ರೂಣದ ಬಿಳಿಯ ತಳದಲ್ಲೂ ಒಂದು ನೇರಳೆ ಚುಕ್ಕೆ ಮೆಲ್ಲಗೆ ಮೂಡಿತು. ಒಂದೇ. ಪ್ರೊಫೆಸರ್ ಗಡಿಯಾರ ನೋಡಿಕೊಂಡರು. "ಸಾಕು, ತೊಳೆದುಬಿಡಿ."

ಲೊರೆದಾನಾ ತಟ್ಟೆಯ ಸುತ್ತ ಎರಡೂ ಕೈ ಅಡ್ಡ ಇಟ್ಟಳು. "ತೊಳೆಯಲ್ಲ. ಇನ್ನೊಂಚೂರು ಇರಿ."

ಚುಕ್ಕೆಯ ಎದುರು ಬದಿಯಲ್ಲಿ ಹೊಗೆಯಂಥದ್ದೇನೋ ಕಾಣಿಸಿತು. ಗಾಢವಾಯಿತು.

ಪ್ರೊಫೆಸರ್ ಯೊವಿನೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ತಾವು ಸತ್ತಿದೆ ಎಂದದ್ದು ಎರಡು ನೇರಳೆ ಕಣ್ಣು ಬಿಟ್ಟು ಅವರನ್ನೇ ದಿಟ್ಟಿಸುತ್ತಿತ್ತು.