ಹತ್ತಕ್ಕೆ ಎಷ್ಟು?

“ನಮ್ಮ ದೇಶದ್ದಕ್ಕ ಹತ್ತಕ್ಕ ಹನ್ನೊಂದು ರೀ ಸರ್!” ಹಾಡು ಹಚ್ಚುವ ಮೊದಲೇ ಸಂಗ್ರಾಮ ಎದ್ದು ನಿಂತು ತೀರ್ಪು ಕೊಟ್ಟುಬಿಟ್ಟ. ಏಳನೆಯ ತರಗತಿ ಗೊಳ್ಳೆಂದು ನಕ್ಕಿತು.

“ಕೇಳೂದಕ್ಕಿಂತ ಮೊದಲ ಅಂಕ ಕೊಡಾವ ನ್ಯಾಯಾಧೀಶ ಅಲ್ಲಲೇ, ವಶೀಲಿ ಮಾಡಾವ,” ಎಂದರು ಧರಣೇಂದ್ರ ಮಾಸ್ತರರು. ಮೇಜಿನ ಮೇಲೆ ಅವರ ಮೊಬೈಲು, ಪಕ್ಕದಲ್ಲಿ ಪುಟ್ಟ ಸ್ಪೀಕರು. “ನಾಕು ದೇಶದ ರಾಷ್ಟ್ರಗೀತೆ ಕೇಳಸ್ತೀನಿ. ನಮ್ಮದು, ಮಂದೀದು ಅನಬ್ಯಾಡ್ರಿ. ಕೇಳ್ರಿ, ಅಂಕ ಕೊಡ್ರಿ, ಯಾಕ ಕೊಟ್ರಿ ಅನ್ನೂದನ್ನೂ ಹೇಳ್ರಿ.” ಬೋರಗಾಂವದ ಆ ಶಾಲೆಯಲ್ಲಿ ಶನಿವಾರದ ಕೊನೆಯ ತಾಸು ಮಾಸ್ತರರ ಇಂಥ ಹುಕಿಗಳಿಗೇ ಮೀಸಲು.

ಕಿಟಕಿಯ ಬಳಿ ಕೂತ ಸಪನಾಳಿಗೆ ಮಾತ್ರ ನಗು ಬರಲಿಲ್ಲ. ಅವಳ ತಂಗಿ ನೀಲಮ ಎರಡನೆಯ ತರಗತಿ. ಕಿವಿ ಕೇಳಿಸುತ್ತದೆ, ಮಾತು ಬರುವುದಿಲ್ಲ. ರಾಷ್ಟ್ರಗೀತೆ ಶುರುವಾದರೆ ಸಾಕು, ಅವಳೂ “ಆಂ…” ಎಂದು ಗಂಟಲು ತೆರೆಯುತ್ತಿದ್ದಳು. ಆ ದನಿಗೆ ಸಾಲಿಗೆ ಸಾಲೇ ನಗುತ್ತಿತ್ತು. ಆಗಸ್ಟ್ ಹದಿನೈದರ ತಯಾರಿ ನಡೆದಾಗ ಮಾಸ್ತರರು ಅವಳ ತಲೆ ಸವರಿ, “ನೀ ಒಳಗ ಕುಂತು ಎಲ್ಲಾರ ಚೀಲ ಕಾಯವ್ವಾ,” ಎಂದಿದ್ದರು. ಅಂದಿನಿಂದ ದಿನವೂ ಅದೇ ಆಯಿತು. ಮಾಸ್ತರರು ಕೆಟ್ಟವರೇನಲ್ಲ, ಮಗುವನ್ನು ನೋಡಿ ನಗುವುದನ್ನು ಸಹಿಸಲಾರದೆ ಹಾಗೆ ಮಾಡಿದ್ದರು. “ಚಲೋದಕ್ಕ ಹೇಳ್ಯಾರ ಬಿಡ,” ಎಂದು ಅವ್ವ ಪದ್ಮವ್ವನೂ ಸುಮ್ಮನಾಗಿದ್ದಳು. ಮನೆಯಲ್ಲಿ ಪವರಲೂಮ್ ಮಗ್ಗ ನಡೆಯುವಾಗ ಅದರ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಲ್ಲಿ ನೀಲಮಳಿಗೆ ಯಾವ ಕೊರತೆಯೂ ಇರಲಿಲ್ಲ. ಶಾಲೆಗೆ ಬಂದರೆ ಮಾತ್ರ ಅವಳು ಮೂಕಿ. ಇವತ್ತು ಬೆಳಿಗ್ಗೆಯೂ ಕಿಟಕಿಯ ಸರಳಿಗೆ ಮುಖ ಹಚ್ಚಿ ನಿಂತ ತಂಗಿಯನ್ನು ನೋಡಿ ಸಪನಾಳಿಗೆ ಹಾಡಿನ ಸಾಲೇ ತಪ್ಪಿತ್ತು.

ಮೊದಲು ಜಪಾನಿನದು ಬಂತು. “ತೊಟ್ಟಲಾ ತೂಗಾಕ ಭಾರಿ ಐತ್ರಿ. ಆರು,” ಎಂದ ಸಂಗ್ರಾಮ. ಫ್ರಾನ್ಸಿನದಕ್ಕೆ ಅವನೇ ಬೆಂಚು ಬಡಿದು ತಾಳ ಹಾಕಿದ. “ವರಾತದಾಗ ಇದನ್ನ ಬಾರಿಸಿದ್ರ ಮದುಮಗ ಕುದುರಿ ಇಳದು ಕುಣಿತಾನ್ರಿ. ಒಂಬತ್ತು!” ಮೂರನೆಯದು ಸ್ಪೇನಿನದು. ಬ್ಯಾಂಡು ಬಾರಿಸಿತು, ಮಕ್ಕಳು ಹಾಡಿಗಾಗಿ ಕಾದರು, ಬ್ಯಾಂಡು ನಿಂತೇಹೋಯಿತು.

“ಸರ್, ಹಾಡ ಬರಲಿಲ್ಲರಿ?”

“ಇದಕ್ಕ ಮಾತ ಇಲ್ಲ. ಬರೇ ಧಾಟಿ ಅಷ್ಟ.”

ಸಪನಾ ಮೆಲ್ಲಗೆ ಎದ್ದು ನಿಂತಳು. “ಮತ್ತ ಅಲ್ಲಿ ಮಂದಿ ಏನ್ ಮಾಡ್ತಾರ್ರಿ?”

“ಸುಮ್ಮ ನಿಲ್ಲಾವ್ರು ಸುಮ್ಮ ನಿಲ್ತಾರ. ಕೆಲವ್ರು ‘ಲೋ… ಲೋ…’ ಅಂತ ದನಿ ಎಳಿತಾರ.”

“ಹಂಗ ಎಳದ್ರ ಯಾರೂ ನಗಂಗಿಲ್ಲೇನ್ರಿ?”

“ಯಾಕ ನಗ್ತಾರ? ಎಲ್ಲಾರೂ ಹಂಗ ಅಂತಾರಲ್ಲ.”

“ಹಂಗಾರ ನಾ ಇದಕ್ಕ ಹತ್ತಕ್ಕ ಹತ್ತು ಕೊಡ್ತೀನ್ರಿ.”

“ಏ, ಹುಚ್ಚಿ! ಮಾತಿಲ್ಲದ್ದಕ್ಕ ಹತ್ತಾ?” ಸಂಗ್ರಾಮ ಕೂಗಿದ. ಮಾಸ್ತರರು ಕೈಯೆತ್ತಿ ಅವನನ್ನು ಕೂರಿಸಿದರು. “ಯಾಕ ಕೊಟ್ಟಿ, ಹೇಳವ್ವಾ.”

“ಆ ದೇಶದಾಗ ಹುಟ್ಟಿದ್ರ ನಮ್ಮ ನೀಲಮ ಲೈನಿನ್ಯಾಗ ನಿಲ್ತಿದ್ಲರಿ.”

ಮಾಸ್ತರರು ಮೊಬೈಲು ಎತ್ತಿಕೊಂಡು ನಾಲ್ಕನೆಯದನ್ನು ಹಚ್ಚಿದರು. ನಮ್ಮದು. ಎಲ್ಲರೂ ಎದ್ದು ನೆಟ್ಟಗೆ ನಿಂತರು. ಮುಗಿದ ಮೇಲೆ ಅವರು ಸಪನಾಳನ್ನೇ ಕೇಳಿದರು, ದನಿ ಇಳಿಸಿ. “ಇದಕ್ಕ?”

“ಎಲ್ಲಾದಕ್ಕಿಂತ ಇದ ಚಲೋ ಐತ್ರಿ ಸರ್. ಕೇಳಿದ್ರ ಮೈ ಜುಂ ಅಂತೈತಿ.” ಹುಡುಗಿಯ ಕಣ್ಣು ತುಂಬಿಬಂದವು. “ಆದ್ರ ಪೂರಾ ಅಂಕ ಕೊಡಾಕ ಮನಸ್ಸ ಬರವಲ್ದರಿ. ನಾವ ಹಾಡುವಾಗ ಆಕಿ ಚೀಲ ಕಾಯ್ತಿರ್ತಾಳ್ರಿ.”

ಅಂದು ರಾತ್ರಿ ಮಾಸ್ತರರಿಗೆ ಊಟ ರುಚಿಸಲಿಲ್ಲ. ಮಗುವನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ನಗುವವರೆಲ್ಲ ಅಂಗಳದಲ್ಲಿ ಆರಾಮಾಗಿ ನಿಂತಿದ್ದರು, ಏನೂ ತಪ್ಪು ಮಾಡದವಳು ಒಳಗೆ ಕೂತಿದ್ದಳು. ಇದೆಂಥ ನ್ಯಾಯ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಮಾಸ್ತರರು ತಾವೇ ಒಳಗೆ ಹೋಗಿ ನೀಲಮಳ ಕೈ ಹಿಡಿದು ತಂದು ಸಾಲಿನಲ್ಲಿ ನಿಲ್ಲಿಸಿದರು. ರಾಷ್ಟ್ರಗೀತೆ ಶುರುವಾಯಿತು. ಎಲ್ಲರ ದನಿಯ ನಡುವೆ ಆ ಒರಟು “ಆಂ…” ಎದ್ದಿತು. ಹಿಂದೆ ಯಾರೋ ಕಿಸಕ್ಕೆಂದರು. ಸಂಗ್ರಾಮ ನಿಂತಲ್ಲೇ ಕಣ್ಣು ಕೆಕ್ಕರಿಸಿದ, ಸದ್ದಡಗಿತು. ಹಾಡು ಕೊನೆಗೆ ಬಂದು ಅಂಗಳದ ಬಾಯಿಗಳೆಲ್ಲ ಒಮ್ಮೆಲೇ ಮುಚ್ಚಿದವು. ಮಕ್ಕಳು ಮಾಸ್ತರರ ಕಡೆ ನೋಡಿದರು. ಅವರು “ವಿಶ್ರಾಮ್” ಎನ್ನಲಿಲ್ಲ, ಕದಲಲೂ ಇಲ್ಲ. ನೀಲಮ ಕಣ್ಣು ಮುಚ್ಚಿಕೊಂಡು ಇನ್ನೂ ಹಾಡುತ್ತಿದ್ದಳು.