ಭಿತ್ತಿಪತ್ರವೂ ಪೊರಕೆಯೂ

ಸತ್ಯವೇ ದೈವವೆಂಬ ಹಿರಿಯರ ನುಡಿಯನ್ನು ಮನುಷ್ಯರು ಮರೆತ ಮೇಲೆ ಮಸಿಯು ನೆನಪಿಟ್ಟುಕೊಂಡಿತು. ಸುಳ್ಳಾದ ಅಕ್ಷರವು ಅಚ್ಚಾದ ಮರುಕ್ಷಣವೇ ಕಾಗದದಿಂದ ಉದುರುತ್ತಿದ್ದುದರಿಂದ, ಪ್ರತಿ ಮುದ್ರಣಯಂತ್ರದ ಪಕ್ಕದಲ್ಲೂ ಒಂದು ಪೊರಕೆ ಇರುತ್ತಿತ್ತು.

ವಿದ್ಯಾರ್ಥಿ ಚಿನ್ಮಯನು ತನ್ನ ಕಿರುಚಿತ್ರದ ಪೋಸ್ಟರನ್ನು ಸಹಪಾಠಿ ಶಾಲ್ಮಲಿಯಿಂದ ಮಾಡಿಸುತ್ತಿದ್ದನು. ಚಿತ್ರದ ಕಥೆಯೂ ಅವಳದೇ. ಅವಳ ಹೆಸರನ್ನು ಮಾತ್ರ ಮುಂದಿನ ಚಿತ್ರದಲ್ಲಿ ಹಾಕುವೆನೆಂದು ಆ ಮಹಾನುಭಾವನು ವರವಿತ್ತಿದ್ದನು.

ಅಚ್ಚಾದ ಪೋಸ್ಟರಿನಿಂದ, ಎಂದೂ ಬಾರದ ಪ್ರಶಸ್ತಿಗಳ ಎಲೆಮಾಲೆ ಚಿಹ್ನೆಗಳು ಮೊದಲು ಉದುರಿದವು. ‘ಮನ ಕಲಕುವ ಚಿತ್ರ’ ಎಂಬ ಸಾಲೂ ಅವನ್ನೇ ಹಿಂಬಾಲಿಸಿತು. ‘ಕಥೆ: ಚಿನ್ಮಯ’ ಎಂಬುದಂತೂ ಪುಡಿಪುಡಿಯಾಗಿ ನೆಲ ಸೇರಿತು.

“ಇಂಕು ಸರಿ ಇಲ್ಲ ಕಣೇ,” ಎಂದನು ಚಿನ್ಮಯ.

“ಇರು, ಇನ್ನೊಂದು ಸಲ ನೋಡೋಣ,” ಎಂದು ಶಾಲ್ಮಲಿ ಅದೇ ಜಾಗದಲ್ಲಿ ತನ್ನ ಹೆಸರನ್ನು ಅಚ್ಚೊತ್ತಿದಳು. ಅದರ ಒತ್ತಕ್ಷರವೂ ಅಲುಗಲಿಲ್ಲ.

“ಈಗ ‘ನಿರ್ದೇಶನ: ಚಿನ್ಮಯ’ ಅಂತ ಹಾಕ್ಲಾ, ನಿರ್ದೇಶಕರೇ?”

ಚಿತ್ರೀಕರಣದ ದಿನಗಳಲ್ಲಿ ಪ್ರತಿಯೊಂದು ದೃಶ್ಯಕ್ಕೂ “ಈಗೇನು ಮಾಡ್ಲಿ?” ಎಂದು ಅವಳನ್ನೇ ಕೇಳಿದ್ದ ಚಿನ್ಮಯನು ಎದ್ದುಹೋಗಿ, ಅವಳು ಅಚ್ಚೊತ್ತುವ ಮೊದಲೇ, ಪೊರಕೆಯನ್ನು ಕೈಗೆತ್ತಿಕೊಂಡನು.