ಮುಳ್ಳಿಗೆ ಹಚ್ಚಿದ ಕುಂಕುಮ

ಕಂಪ್ಯೂಟರಿನ ಪರದೆಯ ತುಂಬ ಕೆಂಪು ಬಂಡೆಗಳು ಬಿದ್ದಿದ್ದವು. ಹುಲಿಗೆವ್ವ ಕಸಬರಿಗೆ ಹಿಡಿದು ನಿಂತಲ್ಲೇ ಕಣ್ಣು ಕಿರಿದು ಮಾಡಿ ನೋಡಿದಳು. ನೇಗಿಲು ಹೊಡೆದ ಎರೆಹೊಲದಂಥ ಕಪ್ಪು ಸಾಲುಗಳು, ಒಂದು ಸಾಲಿನಲ್ಲಿ ನಾಟಿ ನಿಂತ ದಪ್ಪ ಗೂಟ, ಸುತ್ತಲೂ ಕೆಂಪೋ ಕೆಂಪು. ಪರ್ವೇಜ ಸಾಹೇಬರ ಮುಖ ಮಾತ್ರ ಸುಣ್ಣ ಬಳಿದಂತೆ ಬಿಳುಚಿತ್ತು.

“ಗ್ರಾಮೋಫೋನ್ ರೆಕಾರ್ಡಿನ ಮುಳ್ಳಿಗೆ ಏನ್ ಹಚ್ಚೀದಿ ಹುಲಿಗೆವ್ವ?”

“ಕುಂಕುಮರಿ. ಇವತ್ತು ಖಂಡೇಪೂಜಿ, ಆಯುಧಪೂಜಿ ಅಲ್ರಿ? ನಮ್ಮನಿಯವ್ರು ತಮ್ಮ ಗೌಂಡಿ ಕರಣಿಗೆ ಹಚ್ಚಿದ್ರು, ನಾ ನಿಮ್ಮ ಕ್ಯಾಮೆರಾಕ್ಕ, ಈ ಹಾಡಿನ ಮಶೀನಿಗೆ ಹಚ್ಚಿನಿ. ನಿಮಗ ಅನ್ನ ಹಾಕೂ ಸಾಮಾನಲ್ರಿ!”

ಅದೇನೂ ಸುಳ್ಳಲ್ಲ. ರೆಕಾರ್ಡಿನ ಕೂದಲೆಳೆಯಂಥ ಗೆರೆಗಳನ್ನು, ಅದರಲ್ಲಿ ಓಡುವ ಮುಳ್ಳನ್ನು ಬೆಟ್ಟದಷ್ಟು ದೊಡ್ಡದು ಮಾಡಿ ಫೋಟೋ ಹಿಡಿದು ಮಾರುವುದೇ ಸಾಹೇಬರ ಕಸುಬು. ಗೋವಾದ ಕೆಪೆ ಊರಿನ ಈ ಮನೆಯ ಗೋಡೆಗಳ ಮೇಲೆಲ್ಲ ಅವೇ ಫೋಟೋಗಳು. ಆದರೆ ಇವತ್ತು ಮಶೀನಿನ ಮೇಲಿದ್ದ ರೆಕಾರ್ಡು ಬೇರೆ.

“ಅದು ನಮ್ಮ ಅಮ್ಮನ ದನಿ. ಲಗ್ನಕ್ಕಿಂತ ಮೊದಲ ಧಾರವಾಡದಾಗ ಹಾಡಿ ರೆಕಾರ್ಡಿನಾಗ ಕೊರಿಸಿದ್ದು, ಇದೊಂದ ಐತಿ. ನಾ ತೊಟ್ಟಿಲದಾಗ ಇದ್ದಾಗ ಆಕಿ ಹೋದ್ಳು. ಮುಳ್ಳು ಓಡಿದಷ್ಟೂ ಸವೀತೈತಿ ಅಂತ ಒಮ್ಮೆನೂ ಹಚ್ಚಿ ಕೇಳಿಲ್ಲ ನಾ. ಬರೇ ಫೋಟೋ ಹಿಡಿಯಾಕಂತ ಇವತ್ತ ಹೊರಗ ತೆಗದೀನಿ.”

ಸತ್ತ ತಾಯಿಯ ಬಾಯಿಗೇ ಕುಂಕುಮ ತುರುಕಿಬಿಟ್ಟೆನಲ್ಲ ಎಂದು ಹುಲಿಗೆವ್ವ ಗಲ್ಲ ಬಡಿದುಕೊಂಡಳು.

ಸಾಹೇಬರು ಮುಳ್ಳು ಎತ್ತಿ, ರಬ್ಬರಿನ ಪುಗ್ಗೆ ಒತ್ತಿ ಗಾಳಿ ಊದಿದರು. ಕುಂಕುಮ ಹಾರಿತು. ಒಂದು ಕೆಂಪು ಗೆರೆ ಮಾತ್ರ ಅಡ್ಡಡ್ಡ ಉಳಿಯಿತು. ಮತ್ತೆ ಊದಿದರೆ ಅದರ ಪಕ್ಕದಲ್ಲಿ, ರೆಕಾರ್ಡಿನ ತಗಡಿಗೆ ಬಳಿದ ಕಪ್ಪು ಪದರವೇ ಚಕ್ಕೆಯಾಗಿ ಎದ್ದಿತು. ಅವರು ಕುರ್ಚಿಯಲ್ಲಿ ಕುಸಿದರು.

“ಇದು ನಿನ್ನಿಂದ ಆಗಿದ್ದಲ್ಲ. ಮುಚ್ಚಿಟ್ಟಲ್ಲೇ ಬಿರುಕು ಬಿಟ್ಟೈತಿ. ನಿನ್ನ ಕುಂಕುಮ ಅದರೊಳಗ ಇಳಿದು ನನಗ ತೋರಿಸ್ತು, ಅಷ್ಟ.”

“ಹಂಗಿದ್ರ ಈಗ ಹಾಡು ಹಚ್ರಿ ಸಾಹೇಬ್ರ, ಪೂರಾ ಉದುರೂದ್ರೊಳಗ!”

ಅವರು ಹಚ್ಚಿದರು. ಚರಚರ ಸದ್ದಿನೊಳಗಿಂದ ಹರೆಯದ ಹುಡುಗಿಯೊಬ್ಬಳು ಹಾಡಿದಳು. ನಡುವೆ ಸಾಲು ಮರೆತು ಕಿಸಕ್ಕನೆ ನಕ್ಕಳು. ತಲೆ ನರೆತ ಮಗ ಗಲ್ಲಕ್ಕೆ ಕೈಕೊಟ್ಟು ಕೂತುಬಿಟ್ಟ. ಅಷ್ಟರಲ್ಲಿ ಮುಳ್ಳಿನ ಹಿಂದೆ ಕಪ್ಪು ಎಳೆಯೊಂದು ಸುರುಳಿ ಸುತ್ತುತ್ತ ಮೇಲೆದ್ದಿತು. ಹಾಡು ಒಡೆಯಿತು, ಆಮೇಲೆ ಬರೀ ಗೊರಗೊರ.

“ಮೊಬೈಲಿನಾಗ ಹಾಡು ತುಂಬಿಕೊಂಡ್ರಿಲ್ರಿ?”

ಸಾಹೇಬರು ಬೆಚ್ಚಿಬಿದ್ದು ಜೇಬು ಮುಟ್ಟಿಕೊಂಡರು. ಫೋನು ಅಲ್ಲೇ ತಣ್ಣಗೆ ಕೂತಿತ್ತು.

ಏನು ಮಾಡಬೇಕೆಂದು ತೋಚದೆ ಹುಲಿಗೆವ್ವ ಮುಳ್ಳಿಗೆ ಸಿಕ್ಕ ಆ ಕಪ್ಪು ಎಳೆಯ ಕಸ ಒರೆಸಲು ಸೆರಗಿನ ತುದಿ ಚಾಚಿದಳು. ಅವರು ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

“ಒರಸಬ್ಯಾಡ. ಅದು ನಮ್ಮ ಅಮ್ಮ.”